ಉಪ್ಪು ಬಿಟ್ಟ ಚಾತುರ್ಮಾಸ

ನಮ್ಮ ಅಜ್ಜಿಗೆ ಪ್ರಾಣಕ್ಕಿಂತ ಮಾನ ದೊಡ್ಡದು. ಅದೂ ಯಾರ ಪ್ರಾಣ? ಅವಳದಲ್ಲವಲ್ಲ ಎಂದು ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ನಾವಾಗ ನಿಜಾಮನ ಸೀಮೆಯ ಮಕ್ತಲ್‌ನಲ್ಲಿದ್ದೆವು. ಅಪ್ಪ ಗುಡಿಯ ಅರ್ಚಕರು. ನಿಜಾಮ ಸರ್ಕಾರ ಹಿಂದುಸ್ತಾನಕ್ಕೆ ಸೇರುವುದಿಲ್ಲವೆಂದು ಹಠ ಹಿಡಿದಿತ್ತು. ಆ ಹಠ ಮುರಿಯಲು ಹಿಂದುಸ್ತಾನ ಸರ್ಕಾರ ನಮ್ಮ ಸೀಮೆಗೆ ಬರುವ ಉಪ್ಪು, ಸೀಮೆಎಣ್ಣೆ, ಔಷಧಿಗಳನ್ನೆಲ್ಲ ಗಡಿಯ ನಾಕಾದಲ್ಲೇ ತಡೆಯಿತು. ದೀಪವಿಲ್ಲದೆ ಹೇಗೋ ಇದ್ದೆವು. ಉಪ್ಪಿಲ್ಲದ ಅನ್ನ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಉಪ್ಪು ಕೇಳಿಕೊಂಡು ಮನೆಮನೆಗೆ ಹೋಗುವುದೆಂದರೆ ಅಜ್ಜಿಗೆ ಸತ್ತ ಹಾಗೆ. ಆಷಾಢದ ಏಕಾದಶಿ ಬಂತಲ್ಲ, ಅವಳಿಗೆ ಉಪಾಯ ಸಿಕ್ಕಿತು. ಚಾತುರ್ಮಾಸದಲ್ಲಿ ನಮ್ಮವರು ಒಂದೊಂದು ತಿಂಗಳು ತರಕಾರಿ, ಮೊಸರು, ಹಾಲು ಬಿಡುವುದುಂಟು. "ಈ ಸಲ ನಮ್ಮ ಮನ್ಯಾಗ ಎಲ್ಲಾರೂ ಉಪ್ಪು ಬಿಟ್ಟೀವಿ" ಎಂದು ಬಾವಿಕಟ್ಟೆಯಲ್ಲಿ ಸಾರಿಬಿಟ್ಟಳು. ಹೆಂಗಸರು ಕೈಮುಗಿದರು. ಸುಳ್ಳಿಗೂ ಮಡಿ ಉಡಿಸಿದಳು, ಮುದುಕಿ!

ಶ್ರಾವಣದಲ್ಲಿ ನನ್ನ ತಮ್ಮನಿಗೆ ವಾಂತಿಭೇದಿ ಹಿಡಿಯಿತು. ಇನ್ನೂ ಅಂಬೆಗಾಲಿಡುವ ಕೂಸು. ದವಾಖಾನೆಯ ಡಾಕ್ಟರು ಖಾಲಿ ಕಪಾಟು ತೋರಿಸಿದರು.

"ಔಷಧಿ ಬರೂದು ನಿಂತೈತ್ರಿ. ಗಂಜಿ ತಿಳಿಗೆ ಉಪ್ಪು ಹಾಕಿ ಗುಟುಕು ಗುಟುಕು ಕುಡಿಸ್ರಿ. ಉಳಿದ್ರ ಅದರಿಂದನ ಉಳೀಬೇಕು."

"ಅತ್ಯಾ, ಓಣ್ಯಾಗ ಕೇಳಿ ಬರ್ತೀನಿ" ಎಂದಳು ಅವ್ವ ಮನೆಗೆ ಬಂದವಳೇ.

"ಯಾರ ಮನ್ಯಾಗ ಅದ?" ಅಜ್ಜಿ ಗದರಿದಳು. "ಸುಮ್ಮನ ಮಾನ ಕಳೀಬ್ಯಾಡ."

ಅವ್ವ ಬರೀ ಗಂಜಿ ಕುಡಿಸಿದಳು. ಮರುದಿನ ಮಧ್ಯಾಹ್ನ ಕೂಸಿನ ಕಣ್ಣು ಗುಳಿಬಿದ್ದವು. ಅತ್ತರೆ ಕಣ್ಣೀರೂ ಬರಲಿಲ್ಲ. ಆಗ ಅವ್ವ ಅಜ್ಜಿಯ ಮಾತು ಮೀರಿ ಪಕ್ಕದ ಗೌಡತಿಯ ಮನೆಗೆ ಓಡಿದಳು. ಹಿಂದೆಯೇ ನಾನೂ ಓಡಿದೆ.

ಗೌಡತಿ ಎದೆ ಬಡಿದುಕೊಂಡಳು. "ಅಯ್ಯೋ ಶಿವನ! ಎತ್ತಿಗೆ ಅಂತ ಗಡಿಗಿ ಉಪ್ಪು ಮುಚ್ಚಿಟ್ಟೀನ್ರೀ ಅಮ್ಮಾರ. ನಿಮಗ ಕೊಡಾಕ ಎಷ್ಟೋ ಸಲ ಮನಸಾತು. ವ್ರತ ಹಿಡಿದೋರ ಮನಿಗೆ ಬಿಟ್ಟ ಪದಾರ್ಥ ಕೊಟ್ರ ಪಾಪ ಬರ್ತೈತಿ ಅಂತ ಸುಮ್ಮನಿದ್ನಲ್ರೀ!"

ಅವ್ವ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಬಂದು, ಗಂಜಿಗೆ ಕದಡಿ, ಕೂಸಿನ ಬಾಯಿಗೆ ಹಾಕಿದಳು. ಅದು ಕಟವಾಯಿಯಿಂದ ಹೊರಗೆ ಹರಿಯಿತು. ಸಂಜೆಗೆ ಕೂಸು ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಎರಡು ಸರ್ಕಾರಗಳ ಜಗಳದಲ್ಲಿ ನಮ್ಮದು ಸತ್ತೇ ಹೋಯಿತು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ನುಗ್ಗಿ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮ ಸೋತ. ಗುಡಿಯ ಮುಂದೆ ಸಕ್ಕರೆ ಹಂಚಿದರು. ಸ್ವಲ್ಪ ದಿನಕ್ಕೆ ಅಂಗಡಿಗೆ ಉಪ್ಪಿನ ಚೀಲಗಳೂ ಬಂದವು. ಅಪ್ಪ ಉಪ್ಪು ತಂದು ಅಡುಗೆಮನೆಯಲ್ಲಿಟ್ಟು, "ಅಂತೂ ನಿಜಾಮಗ ಬುದ್ಧಿ ಬಂತು" ಎಂದರು.

ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿದಳು.

"ಅವಂಗ ಬುದ್ಧಿ ಕಲಿಸಾಕ ಉಪ್ಪು ನಿಲ್ಲಿಸಿದ್ರಲ್ಲ, ಅವನ ಮನ್ಯಾಗ ಒಂದು ಹೊತ್ತಾದ್ರೂ ಸಪ್ಪನ ಊಟ ಆತೇನ್ರೀ?"