ಅಮ್ಮಾ ಎನ್ನದ ಹುಡುಗಿ

ಧನಲಕ್ಷ್ಮಿ ಸಿಸ್ಟರ್ ಚುಚ್ಚುಮದ್ದಿಗೆ ಮೊದಲು ಒಂದು ಚುಚ್ಚುಮಾತು ಕೊಡುತ್ತಿದ್ದರು. ಸರ್ಕಾರ ಕೊಟ್ಟ ಸ್ಪಿರಿಟ್ ಮುಗಿದರೂ ಅವರ ಸ್ಪಿರಿಟ್ ಮುಗಿಯುತ್ತಿರಲಿಲ್ಲ. ಮಾಗಡಿಯಿಂದ ಮದುವೆಯಾಗಿ ಬಂದು, ಸಾತನೂರು ಕಡೆಯ ಹಳ್ಳಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಸೂಜಿ ಹಿಡಿದವರು. ಸುತ್ತಲಿನವರನ್ನು ಮುಖಕ್ಕಿಂತ ಕೂಗಿನಿಂದಲೇ ಗುರುತಿಸುತ್ತಿದ್ದರು. ಮೀಸೆ ತಿರುವುವ ಬೋರಲಿಂಗಯ್ಯ ಸೂಜಿ ತಾಗುವ ಮೊದಲೇ "ಸತ್ತೆ ಕಣಕ್ಕೋ" ಎನ್ನುತ್ತಿದ್ದ.

ಆ ಮಂಗಳವಾರ ಶಾಲಿನಿ ಕೂಗಲಿಲ್ಲ.

ಹತ್ತನೇ ಕ್ಲಾಸಿನ ಹುಡುಗಿ. ಹೋದ ವರ್ಷ ನಾಯಿ ಕಚ್ಚಿದಾಗ ಇದೇ ಸೂಜಿಗೆ ಹೆದರಿ ಮಂಚದ ಕೆಳಗೆ ನುಸುಳಿದ್ದವಳು. ಇವತ್ತು ತೋಳು ಚಾಚಿ ಗೋಡೆ ನೋಡುತ್ತಾ ಕೂತಳು. ಸೂಜಿ ಹೋಗಿ ಬಂದರೂ ರೆಪ್ಪೆ ಅಲುಗಲಿಲ್ಲ.

"ಏನವ್ವ, ತೋಳು ನಿಂದೋ, ಬಾಡಿಗೇದೋ?"

ನಗಲಿಲ್ಲ. ಸಿಸ್ಟರ್ ಹತ್ತಿ ಒತ್ತಿ ಹಿಡಿದು ಅವಳನ್ನೇ ನೋಡಿದರು.

"ಒಸಿ ಸುಸ್ತು, ಅಷ್ಟೇಯ," ಎಂದರು ಜೊತೆಗೆ ಬಂದಿದ್ದ ಅಜ್ಜಿ ಯಲ್ಲಮ್ಮ. "ಪವರ್ ಇರೋ ಸೂಜಿ ಕೊಡಿ ಅಂತ ಡಾಕ್ಟ್ರಿಗೂ ಹೇಳಿವ್ನಿ."

ಅಜ್ಜಿಯ ಚೀಲದಲ್ಲಿ ಇವತ್ತಿನದೂ ಸೇರಿ ಎರಡು ತಿಂಗಳ ನಾಲ್ಕು ಚೀಟಿ. ಹೊಟ್ಟೆನೋವು, ತಲೆನೋವು, ಎದೆ ಡವಡವ, ಸುಸ್ತು. ನಾಲ್ಕೂ ಸಲ ನೋವು ಮೊಮ್ಮಗಳದು, ಮಾತು ಅಜ್ಜಿಯದು. ಡಾಕ್ಟರು ಕೇಳಿದ್ದನ್ನೇ ಬರೆದಿದ್ದರು. ಧನಲಕ್ಷ್ಮಿ ಬರೆದದ್ದನ್ನೇ ಚುಚ್ಚಿದ್ದರು. ಮೊದಲ ಸಲ "ಅಮ್ಮಾ" ಎಂದಿದ್ದಳು, ಆಮೇಲೆ ಬರೀ "ಸ್ಸ್". ಕೂಗು ಸಣ್ಣದಾಗುತ್ತಾ ಬಂದದ್ದು ಈಗ ನೆನಪಾಯಿತು.

"ಉಣ್ತಾಳಾ? ನಿದ್ದೆ ಮಾಡ್ತಾಳಾ?"

"ಎಲ್ ಬಂತು! ಮೂಲೇಲಿ ಕುಂತ್ಬುಟ್ರೆ ಕುಂತಂಗೇಯ. ರೇಷ್ಮೆ ಹುಳ ಜ್ವರಕ್ಕೆ ಕುಂತಾಗ ಸೊಪ್ಪು ಹಾಕ್ತೀವಾ, ಮುಟ್ತೀವಾ? ವಯಸ್ಸಿನ ಹುಡ್ಗಿ, ತಾನೇ ಎದ್ದೇಳ್ತಾಳೆ ಅಂತ ನಾವೂ ಸುಮ್ಕಿದ್ದೀವಿ."

ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ.

"ಹುಳ ಒಂದೂವರೆ ದಿನಕ್ಕೆ ಏಳ್ತದೆ ಯಲ್ಲಮ್ಮ. ಇವಳು ಕುಂತು ಎಷ್ಟು ದಿನ ಆಯ್ತು?"

"ದಸರಾದಿಂದೀಚ್ಗೆ."

ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಅರ್ಧ ಮುಗಿದಿತ್ತು.

"ಬಸ್ ಬರೋ ಹೊತ್ತಾಯ್ತು, ನಡಿ ಮಗಾ," ಎಂದು ಯಲ್ಲಮ್ಮ ಎದ್ದರು. ಚೀಟಿಗೆ ಸೀಲ್ ಹಾಕಿಸಿಕೊಂಡು ಬರಲು ಸಿಸ್ಟರ್ ಅವರನ್ನು ಹೊರಗೆ ಕಳಿಸಿ ಬಾಗಿಲು ಮುಂದಕ್ಕೆಳೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಬಾಯಿಗೆ ಒಂದು ತಮಾಷೆಯೂ ಬರಲಿಲ್ಲ.

"ಶಾಲೂ, ಸಾಯ್ಬೇಕು ಅನ್ನಿಸ್ತದಾ?"

ಹುಡುಗಿ ಆಗ ಅವರ ಮುಖ ನೋಡಿದಳು.

"ಅಜ್ಜಿಗೆ ಹೇಳ್ಬ್ಯಾಡಿ ಸಿಸ್ಟರ್. ಮುಂದಿನ್ ವಾರದಿಂದ ಇಲ್ಲಿಗೆ ಬರೋ ತಾಪತ್ರಯ ಇರಾಕಿಲ್ಲ."

ಹೊರಗೆ ಹಾರ್ನ್ ಕೇಳಿತು. "ಬಾ ಮಗಾ, ಬಸ್ ಹೊಂಟೋಯ್ತದೆ!" ಯಲ್ಲಮ್ಮ ಕೂಗಿದರು. ಶಾಲಿನಿ ಎದ್ದಳು. ಧನಲಕ್ಷ್ಮಿ ಅವಳ ಮುಂಗೈ ಹಿಡಿದರು.

"ಬಸ್ ಹೋಗ್ಲಿ ಬುಡಿ ಯಲ್ಲಮ್ಮ. ಡಾಕ್ಟ್ರನ್ನ ಇಲ್ಲಿಗೇ ಕರೀರಿ. ಇವತ್ತು ಇವಳು ನನ್ ಜೊತೆ ಕನಕಪುರದ ದೊಡ್ಡಾಸ್ಪತ್ರೆಗೆ ಬತ್ತಾಳೆ."

ಬಸ್ಸು ಹೋಯಿತು. ಹುಡುಗಿಯ ಕೈ ಒಮ್ಮೆ ಜಗ್ಗಿತು, ಆಮೇಲೆ ಸುಮ್ಮನಾಯಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಧನಲಕ್ಷ್ಮಿಗೆ ತಿಳಿಯಲಿಲ್ಲ. ಹಿಡಿತ ಮಾತ್ರ ಸಡಿಲಿಸಲಿಲ್ಲ.