ಕಲ್ಲಪ್ಪ ಮಾಸ್ತರ ಬೀಳ್ಕೊಡುಗೆಗೆ ನಾನು ಮಾಡಿದ ಭಾಷಣ

ಕೆಮ್ಮು ಹತ್ತಿತೆಂದು ನಿನ್ನೆ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡೆ, ನೋಡಿ. ಅದರ ಘಾಟು ನೆತ್ತಿಗೇರುತ್ತಲೇ ಧಾರವಾಡದ ದೇಸಾಯಿ ಮಾಸ್ತರು ನೆನಪಾದರು. ವೇದಿಕೆ ಹತ್ತುವ ಮುನ್ನ ಅವರು ತಪ್ಪದೆ ಲವಂಗ ಅಗಿಯುತ್ತಿದ್ದರು. ಗಂಟಲು ಅವರದು, ಉರಿ ಮಾತ್ರ ಕೇಳುವವರದು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದ ಸಪ್ತಾಪುರ ಓಣಿಯಲ್ಲೊಂದು ಬಾಡಿಗೆ ಖೋಲಿ ಹಿಡಿದು, ಊರಿನ ಒಂದು ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೆ. ದೇಸಾಯಿಯವರು ಅಲ್ಲಿ ಹಿರಿಯ ಮಾಸ್ತರು. ಮದುವೆಯಾಗಲಿ, ಶೋಕಸಭೆಯಾಗಲಿ, ಊರಲ್ಲಿ ಎಲ್ಲಿ ಹಾರವಿದೆಯೋ ಅಲ್ಲಿ ಅವರ ಕೊರಳು ಇರುತ್ತಿತ್ತು. ಅವರ ಬಳಿ ಇದ್ದದ್ದು ಒಂದೇ ಭಾಷಣ. ಹೆಸರು ಮಾತ್ರ ಬದಲಾಗುತ್ತಿತ್ತು. ಒಮ್ಮೆ ವಧುವರರನ್ನು ಹರಸುತ್ತ ‘ಇದು ಸಮಾಜಕ್ಕೆ ತುಂಬಲಾರದ ನಷ್ಟ’ ಎಂದುಬಿಟ್ಟರು. ಬೀಗರೆಲ್ಲ ಚಪ್ಪಾಳೆ ತಟ್ಟಿದರು. ಯಾರೂ ಕೇಳುತ್ತಿರಲಿಲ್ಲ ಎನ್ನುವುದೇ ಅವರ ಯಶಸ್ಸಿನ ಗುಟ್ಟು. ಇಂಥವರನ್ನು ನಾನು ಗುರುವೆಂದು ಹಿಡಿದೆ. ನಗಬೇಡಿ, ಆ ವಯಸ್ಸಿನಲ್ಲಿ ಹಾರದ ಆಸೆ ಯಾರಿಗಿರುವುದಿಲ್ಲ?

ಆ ವರ್ಷ ಚಿತ್ರಕಲೆಯ ಕಲ್ಲಪ್ಪ ಮಾಸ್ತರು ನಿವೃತ್ತರಾದರು. ಶಿರಗುಪ್ಪಿ ಊರಿನವರು. ಮಾತು ತೊದಲುತ್ತಿತ್ತು, ಒಂದು ವಾಕ್ಯ ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲೆ ಒಂದು ಎತ್ತು ಬರೆದು ಮುಗಿಸುತ್ತಿದ್ದರು. ಅವರ ಬೀಳ್ಕೊಡುಗೆಗೆ ಕಿರಿಯರ ಪರವಾಗಿ ಮಾತಾಡಲು ನನ್ನನ್ನು ಆರಿಸಿದರು. ನಾನು ದೇಸಾಯಿಯವರಲ್ಲಿಗೆ ಓಡಿದೆ.

“ಏನ್ ಹೇಳ್ಲಿ ಸರ?”

“ಏನ್ ಹೇಳ್ತಿ ಅನ್ನೂದು ಯಾಂವ ಕೇಳ್ತಾನೋ ತಮ್ಮಾ? ಹ್ಯಾಂಗ ಹೇಳ್ತಿ ಅಷ್ಟ ನೋಡು. ಗ್ವಾಡಿ ನೋಡಿ ಮಾತಾಡು. ಮಂದಿ ಮಾರಿ ನೋಡಿದ್ಯೋ, ಕೆಟ್ಟಿ!” ಎಂದವರು, ಹಿಂದೆ ಯಾರೋ ವಕೀಲರ ಸನ್ಮಾನಕ್ಕೆ ಬರೆದಿದ್ದ ಭಾಷಣವನ್ನೇ ಕೈಗಿತ್ತರು.

ಎಂಟು ದಿನ ಖೋಲಿಯ ಗೋಡೆಗೆ ಭಾಷಣ ಮಾಡಿದೆ. ಮನೆಯ ಯಜಮಾನಿ ಬಾಗಿಲು ಬಡಿದು, “ಯಾರ ಜೋಡಿ ಜಗಳಾ ಆಡಾಕತ್ತೀರಿ ಮಾಸ್ತರ? ಹೊರಗ ಮಂದಿ ಕೂಡ್ಯಾರ” ಎಂದರು. ಮಂದಿ ಕೂಡಿದ್ದಾರೆಂದು ಕೇಳಿ ನನಗೆ ಹಿಗ್ಗೇ ಆಯಿತು.

ಸಭೆಯ ದಿನ ಗೋಡೆ ನೋಡುತ್ತ ನಿಂತೆ. ಧ್ವನಿ ಏರಿಸಿದೆ, ಇಳಿಸಿದೆ, ಕೈ ಬೀಸಿದೆ. “ಪೂಜ್ಯ ಕಲ್ಲಪ್ಪನವರು ಅಪ್ರತಿಮ ವಾಗ್ಮಿಗಳು! ಅವರ ನಿರರ್ಗಳ ಮಾತಿಗೆ ಮರುಳಾಗದವರುಂಟೆ?” ಎಂದು ಗುಡುಗಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ನಕ್ಕಿತು. ಆಗ ಕೆಳಗೆ ನೋಡಿದೆ. ಮುಂದಿನ ಸಾಲಿನಲ್ಲಿ ಕಲ್ಲಪ್ಪನವರ ಹೆಂಡತಿ ಬಾಯಿಗೆ ಸೆರಗು ಹಿಡಿದು ತಲೆ ತಗ್ಗಿಸಿದ್ದರು. ಉಳಿದದ್ದನ್ನು ನುಂಗಿ ಕುಳಿತೆ. ದೇಸಾಯಿಯವರು ಬಗ್ಗಿ, “ಧ್ವನಿ ಭಾಳ ಛಲೋ ಇತ್ತು” ಎಂದರು.

ಕಲ್ಲಪ್ಪ ಮಾಸ್ತರು ಎದ್ದರು.

“ನಾ... ನಾ ವಾಗ್ಮಿ ಅಂತ ನನಗ... ಇವತ್ತ ಗೊತ್ತಾತ್ರಿ.” ಮತ್ತೆ ನಗು, ಈ ಸಲ ಅವರ ಜೊತೆಗೆ. “ಇಷ್ಟು ವರ್ಷ ಈ ಹು... ಹುಡುಗೂರು ನನ್ನ ಮಾತು ಮುಗಿಯೂತನಾ ಕಾದ್ರು. ಯಾರೂ ನ... ನಡುವ ಬಾಯಿ ಹಾಕಲಿಲ್ಲ. ಅದಕ್ಕಿಂತ ದೊಡ್ಡ ಸ... ಸ...”

ಇಡೀ ಶಾಲೆ ಕಾಯಿತು. ಮುಂದೆ ಬಿದ್ದು ಆ ಪದವನ್ನು ಯಾರೂ ಹೇಳಿಕೊಡಲಿಲ್ಲ.

“...ಸನ್ಮಾನ ಇಲ್ರಿ” ಎಂದು ಮುಗಿಸಿ, ಕೈಮುಗಿದು ಕುಳಿತರು.

ಸಂಜೆ ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಅವರು ಚಹಾ ಮುಂದಿಟ್ಟು, “ಮಾ... ಮಾತು ಛಲೋ ಇತ್ರಿ. ನನ್ನ ಕಡೆ ನೋಡಿ ಆಡಿದ್ರ, ಇನ್ನೂ ಲಗೂನ ಮುಗೀತಿತ್ತು” ಎಂದರು.

ಮೊನ್ನೆ ಒಂದು ಸಮಾರಂಭಕ್ಕೆ ನಾನೇ ಅಧ್ಯಕ್ಷ. ನನಗಿಂತ ಮೊದಲು ಆರು ಜನ ಮಾತಾಡಿದ್ದರು. ಎದ್ದು, ಸನ್ಮಾನಿತರಾದ ಹಿರಿಯರ ಕಡೆ ನೋಡಿದೆ. ಶಾಲಿನೊಳಗೆ ಬೆವೆತು, ಬಾಡಿ ಕೂತಿದ್ದರು.

“ಹೊಟ್ಟಿ ಹಸದೈತೇನ್ರಿ?” ಎಂದೆ.

ಅವರು ಹೌದೆಂದು ತಲೆಯಾಡಿಸಿದರು. ನನ್ನ ಅಧ್ಯಕ್ಷೀಯ ಭಾಷಣ ಅಲ್ಲಿಗೆ ಮುಗಿಯಿತು.