ದೊಮ್ನಿಕಾಳ ನಾಚಿಕೆ

ಮೊಟ್ಟೆಯ ಮೇಲೆ ಜೇನುಮೇಣದ ಗೆರೆ ಎಳೆಯುವುದರಲ್ಲಿ ದೊಮ್ನಿಕಾಳದು ಎತ್ತಿದ ಕೈ. ಅದರಲ್ಲೂ ‘ತಪ್ಪಿದ ದಾರಿ’ ಎಂಬ ಗೆರೆ. ಅದು ಮೊಟ್ಟೆಯ ಮೈಮೇಲೆಲ್ಲ ಅಂಕುಡೊಂಕಾಗಿ ಅಲೆದು, ಎಲ್ಲೂ ಕಡಿಯದೆ, ಹೊರಟ ಜಾಗಕ್ಕೇ ಬಂದು ಕೂಡಬೇಕು. ಕೂಡದ ಮೊಟ್ಟೆಯನ್ನು ಈಸ್ಟರ್ ಹಬ್ಬಕ್ಕೆ ಯಾರ ಕೈಗೂ ಕೊಡುವಂತಿಲ್ಲ ಎಂಬುದು ಅವಳ ತವರಿನ ಕಟ್ಟುಪಾಡು. ಮೊಲ್ದೊವಾ ಹೊಳೆಯ ದಂಡೆಯ ಆ ಊರಿನಲ್ಲಿ ಅವಳ ಗೆರೆಯಲ್ಲಿ ಕೊಂಕು ತೆಗೆಯುವವರೇ ಇರಲಿಲ್ಲ.

ಅವಳ ಗಂಡ, ಬಡಗಿ ತೊವಾದೆರ್‌ಗೆ ಮಾತ್ರ ಗೆರೆಗಿಂತ ಅವಳ ಕಣ್ಣಿನದೇ ಹೆಮ್ಮೆ. ಮದುವೆಯ ಕುಣಿತದಲ್ಲಿ ಅವನು ಕೈ ಹಿಡಿದಾಗ ಅವಳು ನೆಲ ನೋಡಿದ್ದಳು. ಕಣ್ಣಾಲಿಗಳು ಸಣ್ಣಗೆ ನಡುಗಿದ್ದವು. ತನ್ನನ್ನು ಕಂಡ ನಾಚಿಕೆ ಅದು ಎಂದು ಅವನು ಅಂದೇ ತೀರ್ಮಾನಿಸಿಬಿಟ್ಟ. ಆಮೇಲೆ ಪ್ಲಮ್ ಹಣ್ಣಿನ ಸಾರಾಯಿ ಎರಡು ಗುಟುಕು ಒಳಗೆ ಹೋದರೆ ಸಾಕು, ಯಾರ ಮನೆಯಲ್ಲಾದರೂ ಅದೇ ಕಥೆ.

“ಮೊಮ್ಮಗಳು ಹುಟ್ಟಿದ್ರೂ ಇವಳಿಗೆ ನನ್ನ ಕಂಡ್ರೆ ನಾಚಿಕೆ ಹೋಗಿಲ್ಲ ಕಣ್ರೋ. ಕಣ್ಣು ನೋಡಿ ಬೇಕಾದ್ರೆ.”

“ನಿನ್ನ ಮೂತಿಗೆ ನಾಚಿಕೆ ಒಂದು ಕೇಡು,” ಎನ್ನುತ್ತಿದ್ದಳು ದೊಮ್ನಿಕಾ.

ಅವಳಿಗೆ ಐವತ್ತಾಗುವ ಹೊತ್ತಿಗೆ ಗೆರೆ ಕೂಡುವುದು ತಪ್ಪತೊಡಗಿತು. ಬಗ್ಗಿ ನೋಡಿದರೆ ಮೊಟ್ಟೆಯೇ ಜಿಗಿಯುತ್ತಿತ್ತು, ಒಂದು ಗೆರೆ ಎರಡಾಗುತ್ತಿತ್ತು. ಕೆಮ್ಮಿದರೆ ತಲೆಯ ಹಿಂಭಾಗ ಸಿಡಿಯುತ್ತಿತ್ತು. ಮೊಟ್ಟೆಯನ್ನು ಹಣೆಗಿಂತ ಮೇಲೆ ಹಿಡಿದರೆ ಗೆರೆ ಅಲುಗದೆ ನಿಲ್ಲುತ್ತಿತ್ತು, ಆದರೆ ಮೇಣ ಮೊಣಕೈಗೆ ಸುರಿಯುತ್ತಿತ್ತು. ಕನ್ನಡಕ ಬದಲಿಸಿದ್ದೂ ಆಯಿತು. ಕೊನೆಗೆ ಪಕ್ಕದ ಮನೆಯ ಅಗ್ಲಾಯಾ ದೃಷ್ಟಿ ತೆಗೆಯಲು ಬಂದಳು. ನೀರಿಗೆ ಕೆಂಡ ಹಾಕಿ, ಮಂತ್ರ ಹೇಳುತ್ತ, ದವಡೆ ಕಳಚುವಷ್ಟು ಆಕಳಿಸಿದಳು. ತೆಗೆಯುವವಳು ಆಕಳಿಸಿದಷ್ಟೂ ದೃಷ್ಟಿ ದೊಡ್ಡದು.

“ಇದು ಗಂಡಸಿನ ಕಣ್ಣು ಕಣೇ. ಮನೇಲೇ ಇದೆ,” ಎಂದು ಅಗ್ಲಾಯಾ ತೊವಾದೆರ್ ಕಡೆ ತಿರುಗಿದಳು. “ಊರೆಲ್ಲಾ ಹೆಂಡ್ತಿ ಕಣ್ಣು ಹೊಗಳ್ಕೊಂಡು ತಿರುಗಿದ್ರೆ ಇನ್ನೇನಾಗುತ್ತೆ?”

ತೊವಾದೆರ್ ಆ ಮಾತನ್ನು ನಂಬಿಬಿಟ್ಟ. ಅಂದಿನಿಂದ ಆ ಕಥೆ ಹೇಳುವುದನ್ನೇ ಬಿಟ್ಟ, ಅವಳನ್ನು ನೆಟ್ಟಗೆ ನೋಡುವುದನ್ನೂ ಬಿಟ್ಟ. ಆ ವರ್ಷ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಮೊಟ್ಟೆಯ ದಾರಿಯೂ ಕೂಡಲಿಲ್ಲ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ ಅವಳು ಅಳುತ್ತ ಕೂತಾಗ ಅವನು ಅವಳನ್ನು ಯಾಶ್ ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿನ ಡಾಕ್ಟರಮ್ಮ ಬೆರಳನ್ನು ಮೆಲ್ಲಗೆ ಕೆಳಗಿಳಿಸಿ ಅವಳ ಕಣ್ಣು ನೋಡಿದರು. ಸ್ಕ್ಯಾನ್ ಮಾಡಿಸಿದರು.

“ತೊಂದ್ರೆ ಕಣ್ಣಲ್ಲಿಲ್ಲ. ಹುಟ್ಟಿದಾಗಿಂದ್ಲೇ ಇವರ ಮೆದುಳಿನ ಹಿಂದಿನ ತುದಿ ತಲೆಬುರುಡೆ ತಳದ ಕಿಂಡಿಯಿಂದ ಕತ್ತಿನೊಳಕ್ಕೆ ಇಳಿದಿದೆ. ಕೆಳಗೆ ನೋಡಿದಾಗ ಕಣ್ಣು ಹೀಗೆ ನಡುಗೋದು ಅದರದೇ ಗುರುತು. ಆಪರೇಷನ್ ಮಾಡಿ ಜಾಗ ಬಿಡಿಸ್ಬೇಕು, ಇಲ್ದಿದ್ರೆ ನಡೆಯೋದು, ನುಂಗೋದೂ ಕಷ್ಟ ಆಗ್ಬಹುದು. ಕಣ್ಣಿನ ನಡುಕ ಪೂರ್ತಿ ನಿಲ್ಲುತ್ತೆ ಅಂತ ಮಾತು ಕೊಡಲಾರೆ.”

“ಮದುವೆ ದಿನಾನೂ ಇತ್ತಾ ಇದು?” ಎಂದ ತೊವಾದೆರ್.

“ಸಣ್ಣಗೆ ಇದ್ದಿರಬೇಕು, ವಯಸ್ಸಾದ ಹಾಗೆ ಜಾಸ್ತಿ ಆಗಿದೆ.”

ತನ್ನ ದೃಷ್ಟಿ ತಾಗಿಲ್ಲವೆಂದು ಅವನಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಯಾರೋ ಜೇಬಿಗೆ ಕೈ ಹಾಕಿ ಏನನ್ನೋ ಕದ್ದಂತೆಯೂ ಆಯಿತು. ಹೆಂಡತಿಯ ತಲೆ ಕೊಯ್ಯುವ ಮಾತಾಗುತ್ತಿರುವಾಗ ತನ್ನ ಕಥೆ ಸುಳ್ಳಾಯಿತೆಂದು ಮರುಗುತ್ತಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡ.

ಆಪರೇಷನ್ ಶರತ್ಕಾಲದಲ್ಲಾಯಿತು. ಚಳಿಗಾಲವಿಡೀ ಅವನೇ ಅವಳ ತಲೆ ಬಾಚಿದ, ಮೆಕ್ಕೆಜೋಳದ ಮುದ್ದೆ ತಿರುವಿದ, ಸೀಯಿಸಿದ. ಮತ್ತೆ ಉಪವಾಸದ ದಿನ ಬಂದಾಗ ದೊಮ್ನಿಕಾ ಕಿಟಕಿಯ ಬಳಿ ಮೊಟ್ಟೆ ಹಿಡಿದು ಕೂತಳು. ಅವನು ಒಲೆಯ ಮುಂದೆ ಬೇಡದ ಸೌದೆಯನ್ನೂ ಸೀಳುತ್ತ ಕಾದ.

“ಕೂಡ್ತು,” ಎಂದು ಅವಳು ಮೊಟ್ಟೆಯನ್ನು ಅವನ ಅಂಗೈಗಿಟ್ಟಳು. ಅದನ್ನೇ ನೋಡುತ್ತಿದ್ದ ಅವಳ ಕಣ್ಣು ನಡುಗಲಿಲ್ಲ. ಅವನಿಗೆ ಸಂತೋಷವಾಯಿತು, ಒಳಗೆಲ್ಲೋ ಬರಿದೂ ಅನಿಸಿತು.

“ಹಂಗಾದ್ರೆ ಮದುವೆ ದಿನ ನಿಂಗೆ ನಾಚಿಕೆ ಗೀಚಿಕೆ ಏನೂ ಇರ್ಲಿಲ್ಲ ಅನ್ನು.”

“ಕೆಳಗೆ ನೋಡಿದ್ರೆ ಕಣ್ಣು ತಾನಾಗೇ ನಡುಗ್ತಿತ್ತು ಮಾರಾಯ. ಡಾಕ್ಟರಮ್ಮ ಹೇಳ್ಲಿಲ್ವಾ?” ದೊಮ್ನಿಕಾ ಅವನ ಬೆರಳುಗಳನ್ನು ಮೊಟ್ಟೆಯ ಸುತ್ತ ಮಡಚಿದಳು. “ಆದ್ರೆ ಅವತ್ತು ನಾನು ಕೆಳಗೆ ನೋಡೋ ಹಂಗೆ ಮಾಡಿದ್ದು ಯಾರು?”